ಹಿಂದಿನ ಸೀಟಿನಲ್ಲಿ ಕೂತು ನೋಡದವನು

ಹನ್ನೊಂದು ವರ್ಷ ನಾನೊಂದು ಕನ್ನಡ ಪತ್ರಿಕೆಯ ವಾರದ ಪುಟಕ್ಕೆ ಕಾರುಗಳ ವಿಮರ್ಶೆ ಬರೆದೆ. ಈಗ ಬರೆಯುತ್ತಿಲ್ಲ. ದೊಡ್ಡ ಕಾರುಗಳು ನನ್ನ ಪಾಲಿಗೆ ಬರುತ್ತಿರಲಿಲ್ಲ, ಅವೆಲ್ಲ ಇಂಗ್ಲಿಷ್ ಪತ್ರಿಕೆಯವರಿಗೆ. ನನಗೆ ಬರುತ್ತಿದ್ದವು ಸಣ್ಣ ಹ್ಯಾಚ್‌ಬ್ಯಾಕ್‌ಗಳು, ಮತ್ತೆ ಅದೇ ಹ್ಯಾಚ್‌ಬ್ಯಾಕ್‌ಗಳ ಬೆನ್ನಿಗೆ ಒಂದು ಡಿಕ್ಕಿ ಅಂಟಿಸಿ ಸೆಡಾನ್ ಎಂದು ಹೆಸರಿಟ್ಟ ಕಾರುಗಳು. ಮೊದಲ ಸಲ ಕಾರು ಕೊಳ್ಳುವ ಮೇಷ್ಟ್ರುಗಳು, ಬ್ಯಾಂಕಿನ ಗುಮಾಸ್ತರು, ಮೊಬೈಲ್ ಅಂಗಡಿಯವರು ನನ್ನ ಪುಟವನ್ನು ಕತ್ತರಿಸಿಟ್ಟುಕೊಂಡು ಶೋರೂಮಿಗೆ ಹೋಗುತ್ತಿದ್ದರು. ನನಗದು ಹೆಮ್ಮೆಯ ವಿಷಯವಾಗಿತ್ತು.

ನಮ್ಮ ಕೆಲಸ ನಡೆಯುತ್ತಿದ್ದ ರೀತಿಯನ್ನು ಹೇಳಿಬಿಡುತ್ತೇನೆ. ಹೊಸ ಕಾರು ಬಂದರೆ ಕಂಪನಿಯವರು ಏರ್‌ಪೋರ್ಟ್ ರಸ್ತೆಯ ಹೋಟೆಲೊಂದಕ್ಕೆ ನಮ್ಮನ್ನು ಕರೆಯುತ್ತಾರೆ. ಇಡ್ಲಿ, ವಡೆ, ಕಾಫಿ ಆದ ಮೇಲೆ ಒಂದು ಕಾರಿಗೆ ಇಬ್ಬರಂತೆ ಪತ್ರಕರ್ತರನ್ನು ಹಂಚುತ್ತಾರೆ. ನಂದಿ ಬೆಟ್ಟದ ಕಡೆ ಹೋಗುವಾಗ ಒಬ್ಬ ಓಡಿಸುತ್ತಾನೆ, ಬರುವಾಗ ಇನ್ನೊಬ್ಬ. ಓಡಿಸದವನು ಪಕ್ಕದಲ್ಲಿ ಕೂರುತ್ತಾನೆ. ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಬ್ಯಾಗು, ಟ್ರೈಪಾಡು, ಕಂಪನಿ ಕೊಟ್ಟ ಟೋಪಿ, ನೀರಿನ ಬಾಟಲಿ. ಹನ್ನೊಂದು ವರ್ಷದಲ್ಲಿ ನಾನು ಒಂದೇ ಒಂದು ಸಲವೂ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ನನಗೆ ಗೊತ್ತಿದ್ದ ಯಾರೂ ಕೂತಿರಲಿಲ್ಲ. ಆದರೂ ಪ್ರತಿ ವಿಮರ್ಶೆಯಲ್ಲಿ ‘ಹಿಂದಿನ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಬಹುದು’ ಎಂದು ಬರೆಯುತ್ತಿದ್ದೆವು. ತೀರಾ ಚಿಕ್ಕ ಕಾರಾದರೆ ಮೂವರನ್ನು ಇಬ್ಬರು ಮಾಡುತ್ತಿದ್ದೆವು. ಅಷ್ಟೇ ನಮ್ಮ ಪರೀಕ್ಷೆ.

ನನ್ನ ಹೆಂಡತಿ ಆರ್.ಟಿ. ನಗರದ ಶಾಲೆಯೊಂದರಲ್ಲಿ ಕನ್ನಡ ಮೇಡಂ ಆಗಿದ್ದಳು. ನನ್ನ ಬರಹಗಳನ್ನು ಮೊದಲು ಓದುತ್ತಿದ್ದವಳು ಅವಳೇ, ಅದೂ ಕೆಂಪು ಪೆನ್ನು ಹಿಡಿದು. ಐವತ್ತೆರಡನೆಯ ವಯಸ್ಸಿಗೆ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ, ಹೀಗೆ ವಾರಕ್ಕೆ ಮೂರು ಸಲ ವಿದ್ಯಾರಣ್ಯಪುರದ ನಮ್ಮ ಮನೆಯಿಂದ ಕೆಂಪಾಪುರದ ಸರ್ವಿಸ್ ರಸ್ತೆಯಲ್ಲಿದ್ದ ಡಯಾಲಿಸಿಸ್ ಸೆಂಟರಿಗೆ ಹೋಗಬೇಕಿತ್ತು. ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಎದ್ದರೆ ಅವಳಿಗೆ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತಿತ್ತು. ತೊಡೆಯಲ್ಲಿ ಶಕ್ತಿಯೇ ಇರುತ್ತಿರಲಿಲ್ಲ. ಕಾರು ಹತ್ತಿದ ಕೂಡಲೇ ಉರುಳಿಕೊಳ್ಳಬೇಕು, ಹಾಗಾಗಿ ಮುಂದಿನ ಸೀಟು ಆಗಿಬರುತ್ತಿರಲಿಲ್ಲ. ಡಯಾಲಿಸಿಸ್ ಸೂಜಿ ಹಾಕಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಹೊಲಿದಿದ್ದರು. ಆ ಕೈಯಿಂದ ಏನನ್ನೂ ಹಿಡಿದು ಜಗ್ಗುವಂತಿಲ್ಲ, ಅದರ ಮೇಲೆ ಭಾರ ಬಿಡುವಂತಿಲ್ಲ. ಅವಳ ಪಾಲಿಗೆ ಇದ್ದದ್ದು ಬಲಗೈ ಒಂದೇ.

ಕಾರುಗಳ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನನಗೆ ಸ್ವಂತ ಕಾರಿರಲಿಲ್ಲ. ವಿಮರ್ಶೆಗೆಂದು ಕಂಪನಿಯ ಕಾರು ಯಾವುದಾದರೊಂದು ಬಂದು ಮನೆಯ ಮುಂದೆ ನಿಂತಿರುತ್ತಿತ್ತು, ಉಳಿದಂತೆ ಸ್ಕೂಟರ್ ಸಾಕಾಗುತ್ತಿತ್ತು. ಅವಳ ಕಾಯಿಲೆ ಶುರುವಾದ ಮೇಲೆ ಬರೆಯುವುದನ್ನು ಕಡಿಮೆ ಮಾಡಿ, ಸೆಂಟರಿಗೆ ಕ್ಯಾಬ್‌ನಲ್ಲೇ ಕರೆದುಕೊಂಡು ಹೋಗುತ್ತಿದ್ದೆ. ಬರುತ್ತಿದ್ದ ಕ್ಯಾಬ್‌ಗಳೆಲ್ಲ ಬಹುಮಟ್ಟಿಗೆ ನಾನು ಹೊಗಳಿ ಬರೆದ ಸಣ್ಣ ಸೆಡಾನ್‌ಗಳೇ.

ಒಂದು ಮಂಗಳವಾರ ಡಯಾಲಿಸಿಸ್ ಮುಗಿಸಿ ಹೊರಗೆ ಬಂದಾಗ ಅವಳಿಂದ ಕಾರು ಹತ್ತಲು ಆಗಲೇ ಇಲ್ಲ. ತಲೆ ತಗ್ಗಿಸಿದರೆ ಕಾಲು ಬರುವುದಿಲ್ಲ, ಕಾಲಿಟ್ಟರೆ ತಲೆ ಚಾವಣಿಗೆ ಬಡಿಯುತ್ತದೆ. ನಾನು ಹಿಂದಿನಿಂದ ಹಿಡಿದುಕೊಂಡೆ, ನನ್ನಿಂದ ಆಗಲಿಲ್ಲ. ಡ್ರೈವರ್ ಇಳಿದು ಬಂದ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. “ಬಿಡಿ ಸರ್, ನಾನ್ ಹತ್ತುಸ್ತೀನಿ,” ಎಂದವನೇ ಅವಳ ಸೊಂಟಕ್ಕೆ ಕೈಹಾಕಿ ಎತ್ತಿ ಸೀಟಿನ ಮೇಲೆ ಹಾಕಿದ. ಸೀರೆ ಮಂಡಿಯವರೆಗೆ ಸರಿಯಿತು. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದವರು ನೋಡುತ್ತಿದ್ದರು. ಕೊಡಿಗೇಹಳ್ಳಿ ಗೇಟು ದಾಟುವವರೆಗೂ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡೇ ಇದ್ದಳು.

ಮನೆಗೆ ಬಂದು ಮಂಚದ ಮೇಲೆ ಕೂತು ಹೇಳಿದಳು:

“ನಾನಿನ್ನು ಬರಲ್ಲ ಕಣ್ರೀ.”

“ಎಲ್ಲಿಗೆ?”

“ಡಯಾಲಿಸಿಸ್‌ಗೆ. ಸೂಜಿ ಚುಚ್ಚಿಸ್ಕೋತೀನಿ, ನೀರು ಅಳ್ದು ಕುಡೀತೀನಿ, ಉಪ್ಪು ಬಿಟ್ಟಿದ್ದೀನಿ. ಅದೆಲ್ಲ ಮಾಡ್ತೀನಿ. ಹೋಗ್ತಾ ಹತ್ತಿ ಇಳಿಯೋದು, ಬರ್ತಾ ಹತ್ತಿ ಇಳಿಯೋದು, ವಾರಕ್ಕೆ ಹನ್ನೆರಡ್ ಸಲ. ಹನ್ನೆರಡ್ ಸಲಾನೂ ಯಾರ್ಯಾರೋ ಮೂಟೆ ಎತ್ತಿದಂಗೆ ಎತ್ತಿ ಹಾಕೋದು ನನ್ ಕೈಲಾಗಲ್ಲ.”

ನಿಲ್ಲಿಸಿದರೆ ಬದುಕುವುದು ವಾರ, ಹತ್ತು ದಿನ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಅವಳಿಗೂ ಅದು ಗೊತ್ತಿತ್ತು. ನಾನು ಗದರಿದೆ, ಬೇಡಿಕೊಂಡೆ, ಅಡುಗೆಮನೆಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಹೇಳಿದ ಮಾತನ್ನು ಹಿಂದಕ್ಕೆ ತಗೊಂಡದ್ದನ್ನು ನಾನು ನೋಡಿರಲಿಲ್ಲ.

ಅದೇ ಸಮಯಕ್ಕೆ ಕಂಪನಿಯೊಂದು ಕಡಿಮೆ ಬೆಲೆಯ ತನ್ನ ನಾಲ್ಕು ಕಾರುಗಳನ್ನು ಹೊಸದಾಗಿ ತಿದ್ದಿ ಬಿಟ್ಟಿತ್ತು. ಎರಡು ಹ್ಯಾಚ್‌ಬ್ಯಾಕ್, ಎರಡು ಸೆಡಾನ್. ನಾಲ್ಕನ್ನೂ ಒಂದಾದ ಮೇಲೊಂದರಂತೆ ತರಿಸಿಕೊಂಡು ಒಟ್ಟಾಗಿ ಬರೆಯಿರಿ ಎಂದು ಸಂಪಾದಕರು ಕೇಳಿದ್ದರು. ಆಗುವುದಿಲ್ಲ ಎಂದಿದ್ದೆ. ಆ ಸಂಜೆ ಫೋನ್ ಮಾಡಿ, ಬರೆಯುತ್ತೇನೆ, ನಾಳೆಯೇ ಮೊದಲ ಕಾರು ಕಳಿಸಲಿ ಎಂದೆ. ಆಮೇಲೆ ಅವಳ ಹತ್ತಿರ ಕೂತೆ.

“ನಾಲ್ಕು ಕಾರು ಬರ್ತಾವೆ. ಒಂದೊಂದ್ರಲ್ಲಿ ಒಂದೊಂದ್ಸಲ ಹೋಗೋಣ. ಯಾರೂ ಮುಟ್ಟದೆ ನೀನೇ ಹತ್ತಿ, ನೀನೇ ಇಳಿಯೋ ಕಾರು ಯಾವ್ದು ಅಂತ ನೋಡೋಣ. ಅದನ್ನೇ ತಗೊಂಡ್ಬಿಡೋಣ.”

“ನಾಲ್ಕೇ,” ಎಂದಳು. “ಐದನೇದು ಅಂತ ಶುರು ಹಚ್ಕೋಬೇಡಿ.”

ಗುರುವಾರಕ್ಕೆ ಬಂದದ್ದು ಚೆಂದದ ಹ್ಯಾಚ್‌ಬ್ಯಾಕ್. ಕೆಂಪು ಬಣ್ಣ, ಹಿಂದಕ್ಕೆ ಇಳಿಜಾರಾದ ಚಾವಣಿ, ಏರುತ್ತಾ ಹೋಗುವ ಕಿಟಕಿಯ ಗೆರೆ. ಹಿಂದಿನ ಬಾಗಿಲಿನ ಹಿಡಿಯನ್ನು ಚೆಂದ ಕಾಣಲೆಂದು ಕಿಟಕಿಯ ಮೂಲೆಯಲ್ಲಿ ಮೇಲಕ್ಕೆ ಅಡಗಿಸಿದ್ದರು. ಇಂಥದ್ದನ್ನು ನಾನು ‘ಯುವಜನರ ಮನ ಸೆಳೆಯುವ ವಿನ್ಯಾಸ’ ಎಂದು ಬರೆಯುತ್ತಿದ್ದೆ. ಅವಳು ಆ ಹಿಡಿಯನ್ನು ಹುಡುಕಿ ಬಾಗಿಲು ತೆಗೆಯುವಷ್ಟರಲ್ಲೇ ಸುಸ್ತಾದಳು. ಬಾಗಿಲು ಕಿರಿದು. ಪಾದ ಮುಂದಿನ ಸೀಟಿಗೂ ಹೊಸ್ತಿಲಿಗೂ ನಡುವೆ ಸಿಕ್ಕಿಕೊಂಡಿತು. ಹೋಗುವಾಗ ಹೇಗೋ ಹತ್ತಿದಳು. ಬರುವಾಗ ತಲೆ ಬಡಿಸಿಕೊಂಡು ಹಣೆ ಊದಿತು, ಕೊನೆಗೆ ನಾನೂ ಸೆಂಟರಿನ ಆಯಾ ಒಬ್ಬರೂ ಸೇರಿ ಅವಳನ್ನು ಒಳಗೆ ತಳ್ಳಿದೆವು.

ಶನಿವಾರ ಚಿಕ್ಕ ಸೆಡಾನ್. ಅದೇ ಹ್ಯಾಚ್‌ಬ್ಯಾಕ್, ಬೆನ್ನಿಗೆ ಡಿಕ್ಕಿ. ಡಿಕ್ಕಿಯಲ್ಲಿ ಒಂದು ಸಂಸಾರದ ಸಾಮಾನು ಹಿಡಿಸಬಹುದಿತ್ತು, ನಮಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಸೀಟು ಎಷ್ಟು ತಗ್ಗೆಂದರೆ ಕೂರುವುದು ಬೀಳುವುದೇ ಆಯಿತು. ಬಿದ್ದವಳಿಗೆ ಮತ್ತೆ ಏಳಲಾಗಲಿಲ್ಲ. ಸೆಂಟರಿನ ಮುಂದೆ ಕಾಲು ಹೊರಗಿಟ್ಟು, ಬಲಗೈಯಿಂದ ಗಾಳಿಯಲ್ಲಿ ಏನನ್ನೋ ತಡಕುತ್ತಾ ಐದು ನಿಮಿಷ ಕೂತಿದ್ದಳು. ಹಿಂದೆ ನಿಂತಿದ್ದ ಆಂಬುಲೆನ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ.

“ಸ್ವಲ್ಪ ಮುಂದಕ್ ಬಗ್ಗು ಅಂದ್ರೆ ಬಗ್ಗೋಕಾಗಲ್ವಾ ನಿಂಗೆ?” ಎಂದು ಕಿರುಚಿದೆ.

ಇಬ್ಬರು ನರ್ಸ್‌ಗಳು ಬಂದು ಎಳೆದು ಇಳಿಸಿದರು. ಆ ಮಾತಿಗೆ ಇವತ್ತಿಗೂ ನಾನು ನನ್ನನ್ನು ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ಅವಳು ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ನನ್ನನ್ನು ಕರೆದು, “ನೀವು ಕೂತ್ಕೊಂಡು ಇಳೀರಿ ನೋಡೋಣ,” ಎಂದಳು. ನನ್ನ ಎಡಗೈಯನ್ನು ಟವೆಲ್ಲಿನಿಂದ ಹೊಟ್ಟೆಗೆ ಕಟ್ಟಿಕೊಳ್ಳಲು ಹೇಳಿದಳು. ಕಟ್ಟಿಕೊಂಡೆ. ಗೇಟಿನ ಮುಂದೆ ನಿಂತಿದ್ದ ಆ ಸೆಡಾನಿನ ಹಿಂದಿನ ಸೀಟಿನಲ್ಲಿ, ಎಡಗಡೆ, ಜೀವಮಾನದಲ್ಲಿ ಮೊದಲ ಸಲ ಪರೀಕ್ಷೆಗೆಂದು ಕೂತೆ. ಕಾಲು ಹೊರಗಿಟ್ಟೆ. ಮೇಲೆ ಹಿಡಿ ಇತ್ತು, ಆದರೆ ಅದು ಎಡಗೈಯವರಿಗೆ. ಬಲಗೈಯ ಕಡೆ ಇದ್ದದ್ದು ಎರಡು ಬಾಗಿಲುಗಳ ನಡುವಿನ ಕಂಬ, ನುಣ್ಣನೆಯ ಪ್ಲಾಸ್ಟಿಕ್ಕು. ಅದರ ಮೇಲೆ ಮುಂದಿನ ಸೀಟಿನ ಬೆಲ್ಟು ಇಳಿಬಿದ್ದಿತ್ತು. ಅದನ್ನೇ ಹಿಡಿದು ಏಳಲು ಹೋದೆ. ಬೆಲ್ಟು ಸರ್ರನೆ ಬಿಚ್ಚಿಕೊಂಡು ಬಂತು, ನಾನು ಅಂಗಾತ ಹಿಂದಕ್ಕೆ ಬಿದ್ದೆ. ಎರಡನೇ ಸಲವೂ ಬಿದ್ದೆ. ನನ್ನ ಕಿಡ್ನಿಗಳು ಚೆನ್ನಾಗಿವೆ, ತೊಡೆಯಲ್ಲಿ ಶಕ್ತಿ ಇದೆ, ಆದರೂ ಬಿದ್ದೆ.

ಅವಳು ಕುರ್ಚಿಯಲ್ಲಿ ಕೂತೇ ಕೇಳಿದಳು: “ಹನ್ನೊಂದು ವರ್ಷ ಏನ್ರೀ ಬರೆದ್ರಿ?”

ಟವೆಲ್ಲು ಬಿಚ್ಚಿಕೊಂಡು ಒಳಗೆ ಹೋದೆ.

ಮಂಗಳವಾರ ಬಂದ ಮೂರನೆಯದು ದೊಡ್ಡ ಸೆಡಾನ್, ಆ ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿಯದು. ನಾನೊಂದು ಉಪಾಯ ಹೂಡಿದ್ದೆ. ಬಲಗಡೆಯ ಬಾಗಿಲಿನಿಂದ ಹತ್ತಿಸಿದರೆ ಮೇಲಿನ ಹಿಡಿ ಅವಳ ಬಲಗೈಗೇ ಸಿಗುತ್ತದೆ. ಮನೆಯ ಮುಂದೆ ಅದು ಕೆಲಸ ಮಾಡಿತು. ಅವಳೇ ಹಿಡಿದು, ಅವಳೇ ಕೂತಳು. ನನಗೆ ಎಷ್ಟು ಖುಷಿಯಾಯಿತೆಂದರೆ ದಾರಿಯುದ್ದಕ್ಕೂ ಮಾತಾಡುತ್ತಲೇ ಹೋದೆ. ಆದರೆ ಬಲಗಡೆಯ ಬಾಗಿಲು ತೆರೆಯುವುದು ವಾಹನಗಳ ಕಡೆಗೆ ಎಂಬುದನ್ನು ಈ ಬುದ್ಧಿವಂತ ಮರೆತಿದ್ದ. ಕೆಂಪಾಪುರದ ಸರ್ವಿಸ್ ರಸ್ತೆಯಲ್ಲಿ ಬಾಗಿಲು ತೆಗೆದು ಅವಳು ಒಂದು ಕಾಲು ಕೆಳಗಿಟ್ಟಿದ್ದಳಷ್ಟೇ, ಬಸ್ಸೊಂದು ಹಾರ್ನ್ ಹೊಡೆಯುತ್ತಾ ಬಾಗಿಲಿಗೆ ಉಜ್ಜುವಷ್ಟು ಹತ್ತಿರ ಹಾದುಹೋಯಿತು. ಅವಳು ಚೀರಿ ಕಾಲು ಎಳೆದುಕೊಂಡಳು. ಆಮೇಲೆ ಎಡಗಡೆಯಿಂದ ನಾನೂ ಸೆಂಟರಿನ ಆಯಾನೂ ಸೇರಿ ಎತ್ತಿ ಇಳಿಸಿದೆವು, ಬರುವಾಗಲೂ ಎತ್ತಿಯೇ ಹತ್ತಿಸಿದೆವು. “ಮೂರಾಯ್ತು,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ನಾಲ್ಕನೆಯದರ ಮೇಲೆ ನನಗೆ ಯಾವ ಆಸೆಯೂ ಇರಲಿಲ್ಲ. ಅದು ನಾಲ್ಕರಲ್ಲೂ ಅಗ್ಗದ್ದು, ಎತ್ತರದ, ಚೌಕಾಕಾರದ ಹ್ಯಾಚ್‌ಬ್ಯಾಕ್. ಅದರ ಹಳೆಯ ಮಾದರಿಯನ್ನು ನಾನೇ ‘ಚಕ್ರ ಹಾಕಿದ ಕಬ್ಬಿಣದ ಬೀರು’ ಎಂದು ಗೇಲಿ ಮಾಡಿ ಒಂದೂವರೆ ಸ್ಟಾರ್ ಕೊಟ್ಟಿದ್ದೆ. ಗುರುವಾರ ಬೆಳಿಗ್ಗೆ ಅವಳು ಎಡಗಡೆಯ ಹಿಂದಿನ ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಸುಮ್ಮನೆ ಕೂತಳು. ಸೀಟು ನಮ್ಮ ಮಂಚದ ಎತ್ತರಕ್ಕೇ ಇತ್ತು. ತಲೆ ಬಡಿಯಲಿಲ್ಲ. ಒಂದೊಂದೇ ಕಾಲು ಒಳಗೆ ಎತ್ತಿಟ್ಟುಕೊಂಡಳು, ಪಾದ ಸಿಕ್ಕಿಕೊಳ್ಳಲಿಲ್ಲ. ಸೆಂಟರಿನ ಮುಂದೆ ಅವಳೇ ಇಳಿದಳು.

ನಾಲ್ಕು ಗಂಟೆಯ ನಂತರ ಹೊರಬಂದಾಗ ಅವಳ ಮುಖ ಬಿಳಿಚಿತ್ತು. ಬೆನ್ನು ತಿರುಗಿಸಿ ಕೂರಲು ಹೋದಳು. ತೊಡೆ ನಡುಗಿತು, ಬಲಗೈ ಆಸರೆಗೆ ಅದೇ ಬೆಲ್ಟನ್ನು ಹಿಡಿಯಿತು, ಬೆಲ್ಟು ಅದರ ಸ್ವಭಾವದಂತೆ ಉದ್ದವಾಯಿತು. ಅವಳು ಹೊಸ್ತಿಲಿನ ಮೇಲೆ ಜಾರಿ ನೆಲಕ್ಕೆ ಕೂತುಬಿಟ್ಟಳು. ಟೀ ಅಂಗಡಿಯವರು ಓಡಿಬಂದರು. ನಾಲ್ಕು ಜನ ಸೇರಿ ಎತ್ತಿದರು.

ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಗಾಡಿಗಳು ಅಲುಗದೆ ನಿಂತಿದ್ದವು. ಹಿಂದೆ ಮಲಗಿದ್ದವಳು, “ಈ ಬಾಗಿಲ ಹತ್ರ ಹಿಡ್ಕೊಳೋಕೆ ಒಂದು ಕಂಬಿ ಇದ್ದಿದ್ರೆ ನಾನೇ ಹತ್ತಿರ್ತಿದ್ದೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಇರ್ಲಿ ಬಿಡಿ. ನಾಲ್ಕೂ ಆಯ್ತಲ್ಲ,” ಎಂದಳು. ಮನೆಗೆ ಹೋದ ಮೇಲೆ ಸೆಂಟರಿನ ಫೈಲನ್ನು ತೆಗೆದು ಬೀರುವಿನ ಮೇಲಿನ ಖಾನೆಯಲ್ಲಿ, ಮದುವೆ ಸೀರೆಗಳ ಕೆಳಗೆ ಇಡಿಸಿದಳು.

ಶುಕ್ರವಾರ ಬೆಳಿಗ್ಗೆ, ಹಾಲು ತರುತ್ತೇನೆಂದು ಸುಳ್ಳು ಹೇಳಿ ಆ ಕಾರು ತೆಗೆದುಕೊಂಡು ಯಶವಂತಪುರಕ್ಕೆ ಹೋದೆ. ಅಲ್ಲಿ ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡು ನನಗೆ ಗೊತ್ತಿತ್ತು. ವಿಜಯಪುರದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಕಾರಿನ ಸುತ್ತ ಒಂದು ಸುತ್ತು ಬಂದರು.

“ಹೊಸಾ ಗಾಡಿ ಐತ್ರೀ ಸರ. ನೆಲಕ್ಕ ತೂತು ಹೊಡದ್ರ ಕಂಪನಿಯವರು ವಾರಂಟಿ ಕೊಡಂಗಿಲ್ಲ ನೋಡ್ರಿ.”

“ಕೊಡದೇ ಇದ್ರೆ ಬೇಡ. ಹೊಡೀರಿ.”

“ಯಾರಿಗ್ರೀ ಇದು?”

ಹೇಳಿದೆ. ಎಡಗೈ ವಿಷಯವನ್ನೂ ಹೇಳಿದೆ. ಅವರು ಚಪ್ಪಲಿ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತರು, ಎಡಗೈ ಎದೆಗೆ ಮಡಚಿಕೊಂಡು ಬಲಗೈ ಒಂದರಿಂದಲೇ ಎದ್ದು ನೋಡಿದರು, ಮತ್ತೆ ಕೂತರು, ಮತ್ತೆ ಎದ್ದರು. ಹನ್ನೊಂದು ವರ್ಷದಲ್ಲಿ ನಾನು ಮಾಡದ ಕೆಲಸವನ್ನು ಅವರು ಒಂದು ನಿಮಿಷದಲ್ಲಿ ಮಾಡಿ ಮುಗಿಸಿದರು.

“ಅಮ್ಮಾರು ಕುಂತಾಗ ಕೈ ಎಷ್ಟು ಎತ್ತರಕ್ಕ ಬರ್ತೈತ್ರಿ?”

ನನಗೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿದೆ.

“ಮಂಚದ ಮೇಲೆ ಕೂತು ಬಲಗೈ ಮುಂದಕ್ಕೆ ಚಾಚು. ಮಂಚದಿಂದ ಎಷ್ಟು ಎತ್ತರ ಆಗತ್ತೆ, ಹೇಳು.”

“ಯಾಕೆ?”

“ಸುಮ್ನೆ ಹೇಳೇ.”

ಆ ಕಡೆ ಬಳೆಯ ಸದ್ದು ಕೇಳಿತು. “ಎರಡು ಗೇಣು, ನಾಲ್ಕು ಬೆರಳು,” ಎಂದಳು. “ನನ್ ಗೇಣು. ನಿಮ್ದಲ್ಲ.”

ಮೇಸ್ತ್ರಿಗೆ ಹೇಳಿದೆ. ಅವರು ಹಳೆಯ ಸಿಟಿ ಬಸ್ಸಿನಿಂದ ಬಿಚ್ಚಿಟ್ಟಿದ್ದ ಒಂದು ಸ್ಟೀಲ್ ಕಂಬಿ ಆರಿಸಿದರು. “ನೆಲದಿಂದ ಮ್ಯಾಲಿನ ತನಕ ಪೂರಾ ಹಾಕ್ತೀನ್ರಿ. ಕೈ ಎಲ್ಲಿ ಬಿದ್ರೂ ಸಿಗ್ತೈತಿ,” ಎಂದರು. ಅವಳು ಹೇಳಿದ ಎತ್ತರಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಿಗಿದರು, ಬೆವರಿದ ಕೈ ಜಾರದಿರಲೆಂದು. ಡ್ರಿಲ್ಲು ಕಾರಿನ ನೆಲಕ್ಕೆ ಇಳಿದಾಗ ನಾನು ಬೇರೆ ಕಡೆ ನೋಡುತ್ತಾ ನಿಂತೆ. ಅದು ನನ್ನ ಕಾರಲ್ಲ ಎಂದು ಅವರಿಗೆ ಹೇಳಿರಲಿಲ್ಲ. ಪರೀಕ್ಷೆಗೆಂದು ನಂಬಿ ಕೊಟ್ಟ ಕಾರಿಗೆ ತೂತು ಕೊರೆಸಿದ ಪತ್ರಕರ್ತ ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಮುಂದೆ ಕಂಪನಿಯವರು ಪತ್ರಿಕೆಗೆ ದೂರು ಬರೆದರು, ಅಂಕಣ ಹೋಯಿತು, ಕಾರನ್ನು ನಾನೇ ಕೊಳ್ಳಬೇಕಾಯಿತು. ಅವರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಶನಿವಾರ ಬೆಳಿಗ್ಗೆ ನಾನು ಕರೆಯಲಿಲ್ಲ, ಒತ್ತಾಯಿಸಲಿಲ್ಲ. ಕಾರನ್ನು ಗೇಟಿನ ಮುಂದೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಿಟ್ಟು ಒಳಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅವಳು ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ನೋಡಿದಳು.

“ಇದು ಬಸ್ಸಿಂದಲ್ವಾ?”

“ಹೂಂ.”

“ಕಾರು ಕಂಪನೀದು?”

“ಹೂಂ.”

“ಅವ್ರಿಗೆ ಹೇಳಿದ್ದೀರಾ?”

“ಇಲ್ಲ.”

“ತಲೆ ಕೆಟ್ಟಿದೆ ನಿಮ್ಗೆ,” ಎಂದಳು. ಮೇಡಂ ಆಗಿದ್ದಾಗಿನ ದನಿ ಅದು, ಎಷ್ಟೋ ತಿಂಗಳ ಮೇಲೆ ಕೇಳಿದ್ದು. ಆಮೇಲೆ ರಬ್ಬರು ಸುತ್ತಿದ ಜಾಗವನ್ನು ಮುಟ್ಟಿ ನೋಡಿ, “ಫೈಲ್ ತಗೊಂಬನ್ನಿ,” ಎಂದಳು.

ಹೋಗುವುದು ಸುಲಭ ಎಂದು ನನಗೆ ಗೊತ್ತಿತ್ತು. ಭಯವಿದ್ದದ್ದು ಬರುವುದರದ್ದೇ. ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿದ ಮೇಲೆ ನನ್ನ ತೋಳು ಹಿಡಿದು ಕಾರಿನವರೆಗೆ ನಡೆದಳು, ಅಲ್ಲಿಂದ ಕೈ ಬಿಡಿಸಿಕೊಂಡಳು. “ಮುಟ್ಬೇಡಿ,” ಎಂದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಕಂಬಿ ಹಿಡಿದು ಬೆನ್ನು ತಿರುಗಿಸಿದಳು. ಮಂಡಿ ಮಡಚಲಿಲ್ಲ, ಹಾಗೇ ನಿಂತಳು. ಹಿಂದೆ ಆಟೋದವನು ಹಾರ್ನ್ ಹೊಡೆದ. ಎರಡನೇ ಸಲ ಅರ್ಧ ಬಗ್ಗಿ, ಕಣ್ಣು ಕತ್ತಲೆ ಬಂದು, ಕಂಬಿಗೆ ಹಣೆ ಒತ್ತಿ ನಿಂತಳು. ಅವಳ ಬಲಗೈಯ ನರಗಳು ಉಬ್ಬಿದ್ದವು. ಸೆಂಟರಿನ ಆಯಾ ಓಡಿ ಬಂದರು, ನಾನು ಅಡ್ಡ ನಿಂತೆ. ಹಿಡಿಯಲು ನನ್ನ ಕೈ ಎಷ್ಟು ತವಕಿಸಿತು ಎಂದು ಹೇಳಲಾರೆ. ಬಿದ್ದರೆ ಎಲ್ಲ ಮುಗಿಯಿತು, ಹಿಡಿದರೂ ಮುಗಿಯಿತು.

ಮೂರನೇ ಸಲ ಕೂತಳು. ಉಸಿರಾಡಿಕೊಂಡಳು. ಬಲಗೈಯಿಂದ ಸೀರೆಯ ನೆರಿಗೆ ಸರಿಮಾಡಿಕೊಂಡು, ಒಂದು ಕಾಲು ಒಳಗಿಟ್ಟು, ಇನ್ನೊಂದು ಕಾಲು ಒಳಗಿಟ್ಟು, ಮೆಲ್ಲಗೆ ಸೀಟಿನ ಮೇಲೆ ಉರುಳಿದಳು. ಟೀ ಅಂಗಡಿಯವರು ಅವರ ಪಾಡಿಗೆ ಟೀ ಸೋಸುತ್ತಿದ್ದರು. ಯಾರೂ ನೋಡಲಿಲ್ಲ.

ನಾನು ಬಾಗಿಲು ಹಾಕಿ ಮುಂದೆ ಬಂದು ಕೂತೆ. ಅಳುತ್ತಿದ್ದೆ, ಅವಳಿಗೆ ಕಾಣದಿರಲೆಂದು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ.

“ರೀ,” ಎಂದಳು ಹಿಂದಿನಿಂದ, ಕಣ್ಣು ಮುಚ್ಚಿಕೊಂಡೇ. “ಇದನ್ನ ಸೋಮವಾರ ತಗೊಂಡ್ ಹೋಗ್ತಾರಲ್ವಾ?”

“ಹೂಂ. ಹತ್ತು ಗಂಟೆಗೆ ಬರ್ತಾರೆ.”

“ಕೊಡ್ಬೇಡಿ ಕಣ್ರೀ,” ಎಂದಳು. “ಮಂಗಳವಾರ ನಾನು ಹೆಂಗ್ ಹೋಗ್ಲಿ?”